ಏರಿನಲ್ಲಿ ಮಾತ್ರ ಆಯಿಲ್ ಉಗುಳುವ ಎಂಜಿನ್

ಆ ಬಿಳಿ ಕಾರು ನಮ್ಮ ಗ್ಯಾರೇಜಿನೊಳಗೆ ಬಂದು ನಿಂತ ಕೂಡಲೇ ಅಣ್ಣ ಮೂಗು ಏರಿಸಿ, "ಆಯಿಲ್ ಸುಡಾಕತ್ತೈತಿ" ಎಂದ. ಬಾನೆಟ್ ಎತ್ತುವ ಮೊದಲೇ ಹೇಳಬಹುದಾದಷ್ಟು ವಾಸನೆ ಇತ್ತು. ಇಳಕಲ್ಲಿನಿಂದ ಹುನಗುಂದದ ಕಡೆ ಹೋಗುವ ರಸ್ತೆಯಲ್ಲಿ, ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಗಳ ಮಗ್ಗುಲಿಗೆ ನಮ್ಮ ಗ್ಯಾರೇಜಿದೆ. ಅಣ್ಣ ಎಂದರೆ ನನ್ನ ಕಾಕಾನ ಮಗ; ಇಬ್ಬರೂ ಪಾಲುದಾರರು. ಡೀಸೆಲ್ ಗಾಡಿಗಳಲ್ಲಿ ಅವನ ಕೈ ಚೆನ್ನಾಗಿ ಓಡುತ್ತದೆ. ಪೆಟ್ರೋಲ್ ಟರ್ಬೊ ಗಾಡಿ ಬಂದರೆ ನನ್ನ ಕಡೆ ತಳ್ಳುತ್ತಾನೆ. ಇದು ಪೆಟ್ರೋಲ್ ಟರ್ಬೊ.

ಗಾಡಿ ಓಡಿಸಿಕೊಂಡು ಬಂದವರು ಬಾದಾಮಿಯ ಒಬ್ಬ ಹೆಣ್ಣುಮಗಳು, ನಲವತ್ತರ ಆಸುಪಾಸಿನವರು. ಗಾಡಿಯೂ ಅವರದೇ, ಚಾಲಕರೂ ಅವರೇ. ಬಾದಾಮಿಯ ಒಂದು ಹೋಟೆಲಿನ ಗೇಟಿನ ಬಳಿ ಟ್ಯಾಕ್ಸಿ ಹಚ್ಚಿಕೊಂಡು, ಅಲ್ಲಿ ಇಳಿದುಕೊಳ್ಳುವ ಪ್ರವಾಸಿಗರನ್ನು ಪಟ್ಟದಕಲ್ಲು, ಐಹೊಳೆ, ಮಹಾಕೂಟಕ್ಕೆ ಕರೆದೊಯ್ಯುವುದು ಅವರ ದುಡಿಮೆ. ಆ ಗೇಟಿನಲ್ಲಿ ಒಂದೇ ಗಾಡಿಗೆ ಜಾಗ. ಅದನ್ನು ಹಿಡಿಯಲು ಅವರು ಎಷ್ಟು ಗಂಡಸರ ಜತೆ ಜಗಳವಾಡಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

"ಬಾಗಲಕೋಟೆಯಾಗ ಎರಡು ಕಡೆ ತೋರಿಸೇನ್ರಿ ಮಿಸ್ತ್ರಿ," ಎಂದರು. "ಒಬ್ಬಾಂವ ಟರ್ಬೊ ಬದಲಿ ಮಾಡಿದ. ಇನ್ನೊಬ್ಬಾಂವ ಎಂಜಿನ್ನ ಇಳಸಬೇಕು ಅಂದ. ಹೊಗಿ ಮಾತ್ರ ಹಂಗ ಐತಿ. ಸುಮ್ನ ನಿಂತಾಗ ಏನೂ ಇಲ್ಲ. ಮಂದಿನ್ನ ತುಂಬ್ಕೊಂಡು ಏರು ಹತ್ತಾಕ ಶುರು ಮಾಡಿದ್ರ ಹಿಂದ ನೀಲಿ ಹೊಗಿ. ಮನಿ ಮುಂದ ಹಚ್ಚಿದ್ರ ಬೆಳಿಗ್ಗೆ ಫರಸಿ ಕಲ್ಲಿನ ಮ್ಯಾಲೆ ಆಯಿಲ್ ಬಿದ್ದಿರ್ತೈತಿ."

"ಹೋಟೆಲ್‌ನವ್ರು ಏನಂತಾರ್ರಿ ಅಕ್ಕಾರ?" ಎಂದು ಅಣ್ಣ ಕೇಳಿದ.

"ಮ್ಯಾನೇಜರ್ ಎರಡು ಸಲ ಹೇಳ್ಯಾರ. ಮೂರನೇ ಸಲ ಹೇಳಂಗಿಲ್ಲ, ಬ್ಯಾರೆ ಗಾಡಿ ತಂದು ನಿಲ್ಲಸ್ತಾರ."

ಅವರನ್ನು ಬಸ್ಸಿಗೆ ಹತ್ತಿಸಿ ಬಂದು ಕೆಲಸ ಶುರು ಮಾಡಿದೆ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಎಷ್ಟಿದೆ ಎಂದು ನೋಡುವ ಕಡ್ಡಿ, ತನ್ನ ನಳಿಗೆಯಿಂದ ಒಂದು ಬೆರಳಷ್ಟು ಮೇಲೆದ್ದು ನಿಂತಿತ್ತು. ಯಾರೂ ಎಳೆದದ್ದಲ್ಲ, ಒಳಗಿನ ಒತ್ತಡ ತಳ್ಳಿದ್ದು. ಎಂಜಿನ್ ಎಷ್ಟೇ ಹೊಸದಿರಲಿ, ಪೆಟ್ರೋಲ್ ಉರಿದಾಗ ಹುಟ್ಟುವ ಅನಿಲ ಸ್ವಲ್ಪವಾದರೂ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು, ಆಯಿಲ್ ಇರುವ ಹೊಟ್ಟೆಗೆ ಸೇರುತ್ತದೆ. ಆ ಹೊಟ್ಟೆಗೆ ಕ್ರ್ಯಾಂಕ್‌ಕೇಸ್ ಎನ್ನುತ್ತೇವೆ. ಅಲ್ಲಿ ಸೇರಿದ ಅನಿಲಕ್ಕೆ ಹೊರಗೆ ಹೋಗುವ ದಾರಿ ಬೇಕು. ದಾರಿ ಸರಿಯಿಲ್ಲದಿದ್ದರೆ ಒತ್ತಡ ಏರಿ, ಸೀಲು, ಪ್ಯಾಕಿಂಗು ಎಲ್ಲಿ ಸಡಿಲವಿದೆಯೋ ಅಲ್ಲಿಂದ ಆಯಿಲ್ಲನ್ನು ಹೊರಗೆ ನೂಕುತ್ತದೆ. ಟರ್ಬೊದೊಳಗಿನ ಆಯಿಲ್ ಕೂಡ ಕೆಳಗೆ ಇಳಿಯಲಾರದೆ ಗಾಳಿಯ ದಾರಿಗೆ ನುಗ್ಗಿ ಸುಟ್ಟು ನೀಲಿ ಹೊಗೆಯಾಗುತ್ತದೆ. ಹಾಗಾಗಿ ಹೊಸ ಟರ್ಬೊ ಹಾಕಿದವನಿಗೆ ಯಾಕೆ ಗುಣ ಕಾಣಲಿಲ್ಲ ಎಂಬುದು ನನಗೆ ಅಲ್ಲಿಯೇ ಅರ್ಥವಾಯಿತು. ಒತ್ತಡ ಎಲ್ಲಿಂದ ಬರುತ್ತಿದೆ ಎಂಬುದು ಅರ್ಥವಾಗಲಿಲ್ಲ.

ಮೊದಲ ಅನುಮಾನ ರಿಂಗುಗಳ ಮೇಲೆ. ಪ್ಲಗ್ ಬಿಚ್ಚಿ ಒಂದೊಂದೇ ಸಿಲಿಂಡರಿನ ಕಂಪ್ರೆಶನ್ ನೋಡಿದೆ. ಎಲ್ಲವೂ ಸರಿಸಮ. ಗಟ್ಟಿಮುಟ್ಟಾದ ಎಂಜಿನ್. ಎರಡನೆಯ ಅನುಮಾನ ಉಸಿರಾಟದ ಪೈಪುಗಳ ಮೇಲೆ. ಗಾಡಿ ಚಾಲೂ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆದು, ಅದರ ಬಾಯಿಗೆ ಒಂದು ತೆಳು ಪ್ಲಾಸ್ಟಿಕ್ ಚೀಲ ಹಿಡಿದೆ. ಚೀಲ ಮೆಲ್ಲಗೆ ಒಳಗೆ ಜಗ್ಗಿಕೊಂಡಿತು. ಹಾಗೆ ಜಗ್ಗಿದರೆ ಒಳಗಿನ ಅನಿಲವನ್ನು ಎಂಜಿನ್ ತಾನೇ ಹೀರಿಕೊಳ್ಳುತ್ತಿದೆ ಎಂದರ್ಥ. ಪುಸ್ತಕದಲ್ಲಿ ಬರೆದ ಹಾಗೆಯೇ ಇತ್ತು. ರಿಂಗೂ ಸರಿ, ಉಸಿರೂ ಸರಿ, ಆದರೂ ಕಡ್ಡಿ ಮೇಲೆದ್ದಿದೆ.

ಗೇರ್‌ಬಾಕ್ಸ್ ಮತ್ತು ಎಂಜಿನ್ ಕೂಡುವಲ್ಲಿ ಆಯಿಲ್ ಜಿನುಗುತ್ತಿತ್ತು. ಅಲ್ಲಿನ ಕ್ರ್ಯಾಂಕ್ ಸೀಲ್ ಬದಲಿಸಬೇಕೆಂದರೆ ಗೇರ್‌ಬಾಕ್ಸನ್ನೇ ಇಳಿಸಬೇಕು. ಇಳಿಸಿದೆವು, ಹೊಸ ಸೀಲ್ ಕೂರಿಸಿದೆವು, ಹುನಗುಂದದವರೆಗೆ ಹೈವೇಯಲ್ಲಿ ಓಡಿಸಿ ಬಂದೆವು. ಒಂದು ಹನಿಯೂ ಇಲ್ಲ. ಗಾಡಿ ಕೊಟ್ಟು ಕಳಿಸಿದೆವು. ವಾರ ಕಳೆಯುವುದರೊಳಗೆ ಅವರ ಫೋನು.

"ಮಿಸ್ತ್ರಿ, ಫರಸಿ ಮತ್ತ ಹೊಲಸಾಗೇತಿ."

ಸೀಲ್ ಸೊಟ್ಟಗೆ ಕೂತಿರಬೇಕು ಎಂದುಕೊಂಡೆ. ಮತ್ತೆ ಗೇರ್‌ಬಾಕ್ಸ್ ಇಳಿಸಿದೆ. ಈ ಸಲ ಕಂಪನಿಯ ಸೀಲೇ ತರಿಸಿ, ಅಂಚಿಗೆಲ್ಲ ಕೈಯಾಡಿಸಿ ನೋಡಿ ಕೂರಿಸಿದೆ. ಇಳಕಲ್ಲಿನ ಸಪಾಟು ರಸ್ತೆಯಲ್ಲಿ ಮತ್ತೆ ಎಲ್ಲ ಒಣ. ಬಾದಾಮಿಗೆ ಹೋಗಿ ನಾಲ್ಕು ಟ್ರಿಪ್ ಹೊಡೆಯುವುದರೊಳಗೆ ಮತ್ತೆ ಹನಿ, ಮತ್ತೆ ಹೊಗೆ. ಮಾಡಿದ ಕೆಲಸವನ್ನೇ ಮಾಡುವುದು ನನ್ನ ಮಟ್ಟಿಗೆ ಅತಿ ದೊಡ್ಡ ಶಿಕ್ಷೆ. ಮೂರನೆಯ ಸಲ ಗಾಡಿ ಬಂದಾಗ ಅದರ ಮುಖ ನೋಡಲೂ ಮನಸ್ಸಿರಲಿಲ್ಲ. ಗಾಡಿಯೊಡತಿ ಅಕ್ಕಾ ಮಾತ್ರ ಸಿಟ್ಟಾಗಿರಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಬೆಂಚಿನ ಮೇಲೆ ಕೂತು, "ನಿಮ್ಮ ಗ್ಯಾರೇಜಿನ್ಯಾಗ ಇದು ಭಾಳ ಶಾಣ್ಯಾ ಆಗಿ ನಿಂದರತೈತಿ ನೋಡ್ರಿ," ಎಂದಷ್ಟೇ ಹೇಳಿ ಚಹಾ ಕುಡಿದು ಬಸ್ ನಿಲ್ದಾಣಕ್ಕೆ ನಡೆದರು.

ಆಗ ಅಣ್ಣ ತನ್ನ ಉಪಾಯ ಹೇಳಿದ. "ಲೇ ತಮ್ಮಾ, ಎಷ್ಟಂತ ತಲಿ ಕೆಡಿಸಿಕೊಳ್ತೀ? ಹಳೇ ಡೀಸೆಲ್ ಗಾಡಿಗೆ ಹ್ಯಾಂಗಿತ್ತು? ಬ್ರೀದರ್ ಪೈಪ್ ಕೆಳಗ ರೋಡಿಗೆ ಬಿಟ್ಟಿರ್ತಿದ್ರು. ಇದಕ್ಕೂ ಹಂಗ ಬಿಡು. ಒತ್ತಡ ಹೊರಗ ಹೋಗ್ತೈತಿ, ಮುಗೀತು."

ಅದು ನಿಯಮಕ್ಕೆ ವಿರುದ್ಧ ಎಂದು ನನಗೂ ಗೊತ್ತು, ಅವನಿಗೂ ಗೊತ್ತು. ಕ್ರ್ಯಾಂಕ್‌ಕೇಸಿನ ಅನಿಲವನ್ನು ಬಯಲಿಗೆ ಬಿಡಬಾರದೆಂದೇ ಅದನ್ನು ಪೈಪಿನ ಮೂಲಕ ಎಂಜಿನ್ನಿನ ಬಾಯಿಗೆ ಮರಳಿ ಕೊಟ್ಟು ಸುಡುತ್ತಾರೆ. ಆದರೆ ಗೇರ್‌ಬಾಕ್ಸನ್ನು ಮತ್ತೊಮ್ಮೆ ಇಳಿಸುವ ಯೋಚನೆಗೇ ನನ್ನ ಸೊಂಟ ನೋಯತೊಡಗಿತ್ತು. ಹೂಂ ಎಂದೆ. ಎಂಜಿನ್ನಿಗೆ ಮರಳಿ ಹೋಗುತ್ತಿದ್ದ ಎರಡೂ ಪೈಪುಗಳನ್ನು ಅಣ್ಣ ಕಿತ್ತು, ಅವುಗಳ ಜಾಗಕ್ಕೆ ರಬ್ಬರ್ ಟೋಪಿ ಹಾಕಿ ಮುಚ್ಚಿದ. ಕ್ರ್ಯಾಂಕ್‌ಕೇಸಿನ ಉಸಿರಿಗೆ ಒಂದು ಉದ್ದ ಪೈಪ್ ಕೂರಿಸಿ ಎಂಜಿನ್ನಿನ ಹಿಂದಿನಿಂದ ಕೆಳಗೆ ಇಳಿಬಿಟ್ಟ.

ವಾರದಲ್ಲಿ ಹೊಗೆ ನಿಂತಿತು. ಆಯಿಲ್ ಹನಿಯುವುದೂ ನಿಂತಿತು. ಅಕ್ಕಾ ಫೋನಿನಲ್ಲಿ ನಕ್ಕರು. "ಮಹಾಕೂಟದ ಏರು ಹತ್ತಿಸಿದ್ನಿರಿ, ಕನ್ನಡ್ಯಾಗ ನೋಡಿದ್ರ ಹಿಂದ ರೋಡ್ ಕಾಣ್ತೈತಿ!" ಅಣ್ಣ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾನೂ ಸುಮ್ಮನಾದೆ. ಮುಗಿಯಿತಲ್ಲ ಎನ್ನುವ ಸಮಾಧಾನ ನನಗೂ ಬೇಕಾಗಿತ್ತು.

ಸ್ವಲ್ಪ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅವರು ಫೋನೂ ಮಾಡದೆ ನೇರ ಬಂದರು. ಗಾಡಿಯಿಂದ ಇಳಿದವರು ಬಾಗಿಲು ಹಾಕಲಿಲ್ಲ. ಬೆಂಚಿನ ಮೇಲೆ ಕೂಡಲೂ ಇಲ್ಲ.

"ಮಿಸ್ತ್ರಿ, ನೀವು ನನ್ನ ಗಾಡ್ಯಾಗ ಏನ ಮಾಡೀರಿ? ಖರೆ ಹೇಳ್ರಿ."

ಏನಾಯಿತು ಎಂದು ಕೇಳಿದೆ. ಪುಣೆಯಿಂದ ಬಂದ ವಯಸ್ಸಾದ ದಂಪತಿಯನ್ನು ಕೂರಿಸಿಕೊಂಡು ಅವರು ಪಟ್ಟದಕಲ್ಲಿಗೆ ಹೊರಟಿದ್ದರು. ಬಿಸಿಲು, ಎ.ಸಿ. ಹಾಕಿದ್ದರು. ದಾರಿಯಲ್ಲಿ ಮೇವು ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಸಿಕ್ಕಿಕೊಂಡು ಗಾಡಿಗಳು ಹತ್ತು ಮಾರು ಹೋಗಿ ನಿಲ್ಲುವುದು, ಹತ್ತು ಮಾರು ಹೋಗಿ ನಿಲ್ಲುವುದು ನಡೆದಿತ್ತು. ಹಾಗೆ ನಿಂತಾಗೆಲ್ಲ ಎಂಜಿನ್ನಿನ ಹಿಂದೆ ಇಳಿಬಿಟ್ಟ ಪೈಪಿನ ಅನಿಲ ಮೇಲೆದ್ದು ಎ.ಸಿ.ಯ ಗಾಳಿಯ ಜತೆ ಒಳಗೆ ಬಂದಿದೆ. ಹಿಂದೆ ಕುಳಿತಿದ್ದ ಹೆಂಗಸಿಗೆ ಮೊದಲೇ ದಮ್ಮಿನ ಕಾಯಿಲೆ. ಉಸಿರು ಸಿಕ್ಕಿಕೊಂಡು ತುಟಿ ಕಪ್ಪಿಟ್ಟಿತು. ಗಂಡ ಚೀಲದಲ್ಲಿ ದಮ್ಮಿನ ಪಂಪು ಹುಡುಕುತ್ತಿದ್ದ. ಅಕ್ಕಾ ಗಾಡಿಯನ್ನು ಹೊಲದ ಬದುವಿಗೆ ಇಳಿಸಿ, ಎಲ್ಲ ಬಾಗಿಲು ತೆರೆದು, ಅವರನ್ನು ಎತ್ತಿ ಬೇವಿನ ಮರದ ಕೆಳಗೆ ಕೂರಿಸಿದ್ದರು. ಪಂಪು ಎಳೆದುಕೊಂಡ ಮೇಲೆ ಆ ಹೆಂಗಸಿಗೆ ಉಸಿರು ತಿರುಗಿತು. ಮುಂದೆ ಪಟ್ಟದಕಲ್ಲು ನೋಡುವ ಮಾತೇ ಇಲ್ಲ.

"ಅಕ್ಕಾರ, ಗಾಡಿ ನಿಂತಾಗ ಹೊರಗಿನ ಗಾಳಿ ಬಂದ್ ಮಾಡೂ ಬಟನ್ ಇರ್ತೈತ್ರಿ, ಅದನ್ನ..." ಎಂದು ಅಣ್ಣ ಬಾಯಿ ತೆಗೆದ.

"ಅವರಿಗೆ ನಾ ಏನಂತ ಹೇಳ್ಲಿ? ಗಾಡಿ ನಿಂತಾಗ ಎಲ್ಲಾರೂ ಉಸರು ಹಿಡ್ಕೋರಿ ಅಂತ ಹೇಳ್ಲೇನು?"

ಅಕ್ಕಾ ನನ್ನ ಕಡೆ ತಿರುಗಿದರು. "ಆಕಿಗೇನರೆ ಆಗಿದ್ರ? ನಾ ಯಾರ ಮುಂದ ಹೋಗಿ ನಿಂದರಬೇಕಿತ್ತು? ಮ್ಯಾನೇಜರ್ ನಾಳಿಂದ ಗೇಟಿಗೆ ಬರಬ್ಯಾಡ ಅಂದಾರ. ಗಾಡಿ ಪೂರ್ತಿ ಚಲೋ ಆದ ಮ್ಯಾಲೆ ಬಂದು ಮಾತಾಡು ಅಂದಾರ."

"ಗಾಡಿ ಇಲ್ಲೇ ಬಿಡ್ರಿ," ಎಂದೆ.

"ಎಷ್ಟನೇ ಸಲ?" ಎಂದು ಚಾವಿಯನ್ನು ಬೆಂಚಿನ ಮೇಲೆ ಇಟ್ಟು ಹೋದರು.

ಅವರು ಹೋದ ಮೇಲೆ ನಾನೂ ಅಣ್ಣನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವನೇ, "ಎಂಜಿನ್ ಇಳಸು. ರಿಂಗ್ ಹಾಕು. ಬ್ಯಾರೆ ದಾರಿ ಇಲ್ಲ," ಎಂದ. ಗಾಡಿಯನ್ನು ಮೇಲೆತ್ತಿ ಅದರ ಕೆಳಗೆ ನಿಂತಿದ್ದೆ. ಇಳಿಬಿಟ್ಟ ಪೈಪಿನ ಬಾಯಿಯ ಸುತ್ತ ಆಯಿಲ್ಲಿನ ಒಂದು ತೆಳು ಕಲೆ ಮಾತ್ರ ಇತ್ತು. ಇಷ್ಟು ದಿನ ಮಂದಿಯನ್ನು ತುಂಬಿಕೊಂಡು ಏರು ಹತ್ತಿಳಿದ ಗಾಡಿ. ರಿಂಗ್ ಸವೆದಿದ್ದರೆ ಆ ಪೈಪು ಕೆಳಗೆಲ್ಲ ಆಯಿಲ್ ಕಾರಿ ರಾಡಿ ಮಾಡಬೇಕಿತ್ತು.

"ಅಣ್ಣಾ, ಒತ್ತಡ ಎಲ್ಲೆ ಹೋತು?" ಎಂದು ಕೇಳಿದೆ.

"ಪೈಪಿನ್ಯಾಗಿಂದ ಹೊರಗ ಹೋತು."

"ಹೊರಗ ಹೋದದ್ದರ ಗುರುತ ಇಲ್ಲಲ್ಲ. ನೀ ಎರಡೂ ಪೈಪ್ ಮುಚ್ಚಿದ ಮ್ಯಾಲೆ ಒತ್ತಡ ಹುಟ್ಟೇ ಇಲ್ಲ. ಅಂದ್ರ ಅದು ಪಿಸ್ಟನ್ ಕಡಿಯಿಂದ ಬರ್ತಿದ್ದಿಲ್ಲ. ನೀ ಮುಚ್ಚಿದ ಪೈಪಿನ್ಯಾಗಿಂದನ ಒಳಗ ಬರ್ತಿತ್ತು."

ಟರ್ಬೊ ಗಾಡಿಯ ಉಸಿರಾಟಕ್ಕೆ ಎರಡು ದಾರಿಗಳಿರುತ್ತವೆ. ಎಂಜಿನ್ ಆರಾಮಾಗಿ ಓಡುವಾಗ ಅದರ ಗಾಳಿಯ ಕೊಠಡಿ, ಅಂದರೆ ಇಂಟೇಕ್ ಮ್ಯಾನಿಫೋಲ್ಡು, ಜಗ್ಗುತ್ತಿರುತ್ತದೆ. ಆಗ ಕ್ರ್ಯಾಂಕ್‌ಕೇಸಿನ ಅನಿಲ ಮೊದಲ ಪೈಪಿನಿಂದ ಅಲ್ಲಿಗೆ ಹೋಗುತ್ತದೆ. ಏರಿನಲ್ಲಿ ಕಾಲೊತ್ತಿದಾಗ ಟರ್ಬೊ ಅದೇ ಕೊಠಡಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಜಗ್ಗುತ್ತಿದ್ದ ಜಾಗ ಈಗ ನೂಕುವ ಜಾಗವಾಗುತ್ತದೆ. ಆ ಗಾಳಿ ಹಿಂದಕ್ಕೆ ಹರಿದು ಕ್ರ್ಯಾಂಕ್‌ಕೇಸಿಗೆ ಬರಬಾರದೆಂದು ನಡುವೆ ಒಂದು ಒನ್ ವೇ ವಾಲ್ವ್ ಇರುತ್ತದೆ, ಅದು ಮುಚ್ಚಿಕೊಳ್ಳಬೇಕು. ಆಗ ಒಳಗಿನ ಅನಿಲ ಎರಡನೆಯ ಪೈಪಿನಿಂದ ಟರ್ಬೊದ ಬಾಯಿಗೆ ಹೋಗುತ್ತದೆ. ಆ ವಾಲ್ವ್ ಮುಚ್ಚದಿದ್ದರೆ ಟರ್ಬೊ ಒತ್ತಿದ ಗಾಳಿಯೆಲ್ಲ ಸೀದಾ ಆಯಿಲ್ಲಿನ ಹೊಟ್ಟೆಗೆ. ಮತ್ತು ಇದೇ ನನ್ನನ್ನು ಮೂರ್ಖನನ್ನಾಗಿ ಮಾಡಿದ ವಿಷಯ: ನಿಂತ ಗಾಡಿಯಲ್ಲಿ ಕೆಟ್ಟ ವಾಲ್ವ್ ಕೂಡ ಒಳ್ಳೆಯದರ ಹಾಗೆಯೇ ಕಾಣುತ್ತದೆ. ಅಲ್ಲಿ ಮುಚ್ಚಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ಸಪಾಟು ರಸ್ತೆಯಲ್ಲಿ ಖಾಲಿ ಗಾಡಿ ಓಡಿಸಿದರೂ ಅಷ್ಟೇ.

ಇನ್ನು ಗ್ಯಾರೇಜಿನಲ್ಲಿ ಈ ಗಾಡಿಯ ಒಂದು ಬೋಲ್ಟನ್ನೂ ಊಹೆಯ ಮೇಲೆ ಬಿಚ್ಚುವುದಿಲ್ಲ, ಮೊದಲು ಏರಿಗೆ ಒಯ್ದು ಅಳೆಯುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಅಣ್ಣ ಹಾಕಿದ ಪೈಪು, ಟೋಪಿ ಎಲ್ಲ ಕಿತ್ತು ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆ ಜೋಡಿಸಿದೆ. ಅವನಿಗೆ ಅದು ಹಿಡಿಸಲಿಲ್ಲ. "ಹೊಗಿ ನಿಂತ ಗಾಡಿಗೆ ಮತ್ತ ಹೊಗಿ ಹಚ್ಚಾಕತ್ತೀಯಲ್ಲ, ಶಾಣ್ಯಾ ಇದ್ದೀ," ಎಂದು ತನ್ನ ಲಾರಿ ಕೆಲಸಕ್ಕೆ ಹೋದ.

ಔಷಧಿ ಅಂಗಡಿಯಿಂದ ಸಲಾಯಿನ್ ನಳಿಗೆ ತಂದೆ. ಅದನ್ನು ಒಂದು ಪ್ಲೈವುಡ್ ತುಂಡಿನ ಮೇಲೆ ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿ ಅಂಟಿಸಿ, ಬಟ್ಟೆಗೆ ಹಾಕುವ ನೀಲಿ ಕಲಸಿದ ನೀರು ತುಂಬಿದೆ. ಒಂದು ತುದಿಯನ್ನು ಡಿಪ್‌ಸ್ಟಿಕ್ಕಿನ ನಳಿಗೆಗೆ ರಬ್ಬರಿನಿಂದ ಬಿಗಿದು, ಮಿಕ್ಕದ್ದನ್ನು ಕಿಟಕಿಯಿಂದ ಒಳಗೆ ತಂದೆ. ಇನ್ನೊಂದು ತುದಿ ತೆರೆದೇ ಇತ್ತು. ಒಳಗೆ ಒತ್ತಡವಿದ್ದರೆ ತೆರೆದ ಕಡೆಯ ನೀರು ಏರುತ್ತದೆ, ಜಗ್ಗಿದರೆ ಇಳಿಯುತ್ತದೆ. ಭಾರಕ್ಕೆಂದು ಪಕ್ಕದ ಕಾರ್ಖಾನೆಯವರ ಒಡೆದ ಗ್ರಾನೈಟ್ ತುಂಡುಗಳನ್ನು ಡಿಕ್ಕಿಯಲ್ಲಿ ತುಂಬಿಕೊಂಡು, ಅಮೀನಗಡ, ಗುಳೇದಗುಡ್ಡದ ಮೇಲೆ ಹಾಯ್ದು ಬಾದಾಮಿಗೆ ಹೋದೆ. ಸಾವಕಾಶವಾಗಿಯೇ ಓಡಿಸಿದೆ.

ಅಕ್ಕಾ ಮನೆಯ ಮುಂದೆ ನಿಂತು ಆ ಹಲಗೆ, ನಳಿಗೆ, ನೀಲಿ ನೀರು ಎಲ್ಲ ನೋಡಿದರು. "ಇದನ್ನ ದವಾಖಾನಿಗೆ ಒಯ್ಯೂದೇನ್ರಿ?" ಎಂದರು. ನಾನು ಏರಿಗೆ ಒಯ್ಯುತ್ತೇನೆ ಎಂದೆ. "ಗಾಡಿ ನಾ ಹೊಡೀತೇನಿ. ಯಾವ ಏರಿನ್ಯಾಗ ಎಲ್ಲಿ ಹೊಗಿ ಬಿಡತೈತಿ ನನಗ ಗೊತ್ತೈತಿ," ಎಂದು ಸ್ಟೇರಿಂಗಿಗೆ ಕೂತರು. ನಾನು ಪಕ್ಕದಲ್ಲಿ ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ.

ಗಾಡಿ ಚಾಲೂ ಆಗಿ ನಿಂತಿದ್ದಾಗ ತೆರೆದ ಕಡೆಯ ನೀರು ಚೂರು ಇಳಿದಿತ್ತು. ಸರಿಯಾದ ಜಗ್ಗುವಿಕೆ. ಊರು ದಾಟಿದೆವು, ಹಾಗೆಯೇ ಇತ್ತು. ಗುಡ್ಡದ ಬುಡ ಬಂತು. ಅವರು ಗೇರ್ ಇಳಿಸಿ ಕಾಲೊತ್ತಿದರು. ನೀರು ನಡುಗಿತು, ಸಮವಾಯಿತು, ಆಮೇಲೆ ನಾನು ಬೆರಳು ಇಡುವಷ್ಟರಲ್ಲಿ ಪಿಚಕ್ಕೆಂದು ತೆರೆದ ತುದಿಯಿಂದ ಹಾರಿ ನನ್ನ ಅಂಗಿ, ಗಡ್ಡ, ಗಾಜು ಎಲ್ಲ ನೀಲಿ ಮಾಡಿತು.

"ಅಯ್ಯ ಮಿಸ್ತ್ರಿ!" ಎಂದು ಅವರು ಬ್ರೇಕ್ ಒತ್ತಿದರು. ಆ ಗಳಿಗೆಯಲ್ಲಿ ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ. ಹಿಂದೆ ನೋಡಿದರೆ ಏರಿನ ಮೇಲೆ ನೀಲಿ ಹೊಗೆ ತೇಲುತ್ತಿತ್ತು.

ನೀರು ಮತ್ತೆ ತುಂಬಿದೆ. ಬಾನೆಟ್ ಎತ್ತಿ, ಮ್ಯಾನಿಫೋಲ್ಡಿಗೆ ಹೋಗುವ ಪೈಪೊಂದನ್ನೇ ಕಚ್ಚಿ ಹಿಡಿಯುವ ಪಕ್ಕಡಿನಿಂದ ಬಿಗಿಯಾಗಿ ಅಮುಕಿ ಮುಚ್ಚಿದೆ. ಗಾಡಿಯನ್ನು ಬುಡಕ್ಕೆ ಇಳಿಸಿ ಅದೇ ಏರು ಹತ್ತಿಸಿದರು. ಅದೇ ಗೇರು, ಅದೇ ಕಲ್ಲಿನ ಭಾರ. ನೀರು ಒಂದು ಬೆರಳಷ್ಟು ಅಲುಗಾಡಿ ಅಲ್ಲಿಯೇ ನಿಂತಿತು. ತುದಿ ತಲುಪಿ ಅಕ್ಕಾ ಗಾಡಿ ನಿಲ್ಲಿಸಿದರು.

"ಸಿಕ್ತೇನ್ರಿ?" ಎಂದರು.

"ಸಿಕ್ತು ಅಕ್ಕಾರ. ಒಂದು ವಾಲ್ವ್."

"ಎಷ್ಟ ದೊಡ್ಡದು?"

ಹೆಬ್ಬೆರಳಿನ ಉಗುರು ತೋರಿಸಿದೆ. ಅವರ ನಗು ಹೋಯಿತು. ಗಾಡಿ ತಿರುಗಿಸಿದರು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಈ ಗಾಡಿಯಲ್ಲಿ ಆ ವಾಲ್ವ್ ಬಿಡಿಯಾಗಿ ಸಿಗುವುದಿಲ್ಲ. ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಟ್ಯಾಪೆಟ್ ಕವರಿನ ಹೊಟ್ಟೆಯೊಳಗೆ ಅದನ್ನು ಕೂರಿಸಿ ಅಂಟಿಸಿಬಿಟ್ಟಿರುತ್ತಾರೆ. ಬದಲಿಸುವುದಾದರೆ ಕವರನ್ನೇ ಬದಲಿಸಬೇಕು. ಬಾಗಲಕೋಟೆಯ ನವನಗರದ ಬಿಡಿಭಾಗಗಳ ಅಂಗಡಿಯವನಿಗೆ ಫೋನ್ ಮಾಡಿದೆ. "ಐತ್ರಿ, ಇವತ್ತ ಬಸ್ಸಿಗೆ ಹಾಕ್ತೇನಿ," ಎಂದ. ಬಂತು. ಹೊಸ ಡಬ್ಬಿ, ಹೊಳೆಯುವ ಕವರು. ಪ್ಲಗ್ಗುಗಳ ಮೇಲಿನ ಕಾಯಿಲ್‌ಗಳನ್ನು ಕಿತ್ತು, ಹಳೆಯ ಪ್ಯಾಕಿಂಗ್ ಕೆರೆದು, ಒರೆಸಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಕ್ರಮವಾಗಿ ಬಿಗಿದು ಕೂರಿಸಿದೆ. ಮತ್ತೆ ಕಲ್ಲು ತುಂಬಿಕೊಂಡು ಬಾದಾಮಿ. ಮತ್ತೆ ಅಕ್ಕಾ ಸ್ಟೇರಿಂಗಿಗೆ. ಗುಡ್ಡದ ಅದೇ ತಿರುವು.

ನೀರು ಹಾರಿತು.

ಈ ಸಲ ಯಾರೂ ನಗಲಿಲ್ಲ. ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ, ಕೆಳಗಿಳಿದು, ಒಂದು ಕಲ್ಲಿನ ಮೇಲೆ ನನ್ನ ಕಡೆ ಬೆನ್ನು ಮಾಡಿ ಕೂತರು. ನಾನು ಒಳಗೇ ಕೂತಿದ್ದೆ. ಎರಡು ತಿಂಗಳಾಗುತ್ತ ಬಂದಿತ್ತು. ಈ ಕೆಲಸ ನನಗೆ ಬರುವುದಿಲ್ಲ ಎಂದು ಹೇಳಿ ಚಾವಿ ಕೊಟ್ಟು ಬಸ್ಸು ಹತ್ತಿಬಿಡಬೇಕು ಎನಿಸಿತು. ಲೆಕ್ಕವೆಲ್ಲ ಸರಿಯಿದೆ, ಪೈಪು ಅಮುಕಿದರೆ ಒತ್ತಡ ನಿಲ್ಲುತ್ತದೆ, ಹೊಸ ವಾಲ್ವ್ ಹಾಕಿದರೆ ನಿಲ್ಲುವುದಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಆ ಹಲಗೆಯನ್ನು ಕಿಟಕಿಯಿಂದ ಹೊರಗೆ ಎಸೆದೆ. ಆಮೇಲೆ ನಾನೇ ಹೋಗಿ ಹೆಕ್ಕಿಕೊಂಡು ಬಂದೆ.

ಇಳಕಲ್ಲಿಗೆ ಮರಳಿ ಕವರುಗಳೆರಡನ್ನೂ ಬೆಂಚಿನ ಮೇಲೆ ಇಟ್ಟುಕೊಂಡೆ. ಹಳೆಯದರ ನಳಿಗೆಗೆ ಬಾಯಿ ಹಚ್ಚಿ ಊದಿದೆ. ಮ್ಯಾನಿಫೋಲ್ಡಿನ ಕಡೆಯಿಂದ ಊದಿದರೆ ಗಾಳಿ ಹೋಗಬಾರದು, ಹೋಯಿತು. ಹೊಸದಕ್ಕೆ ಊದಿದೆ. ಅದರಲ್ಲಿಯೂ ಹೋಯಿತು. ಇನ್ನೂ ಸಲೀಸಾಗಿ ಹೋಯಿತು. ಹೊಸ ಕವರನ್ನೇ ಬೆಂಚಿನ ಹಿಡಿತಕ್ಕೆ ಬಿಗಿದು ಗರಗಸದಿಂದ ಕೊಯ್ದು ನೋಡಿದೆ. ವಾಲ್ವ್ ಇರಬೇಕಾದ ಗೂಡು ಇತ್ತು. ಒಳಗಿನ ರಬ್ಬರ್ ಬಿಲ್ಲೆ ಗೂಡಿಗಿಂತ ಸಣ್ಣದು, ಗೆಜ್ಜೆಯೊಳಗಿನ ಹರಳಿನ ಹಾಗೆ ಅಲ್ಲಾಡುತ್ತಿತ್ತು. ನೋಡಲು ಮಾತ್ರ ಒಂದೇ ಥರದ ನಕಲಿ ಮಾಲು.

ಅಂಗಡಿಯವನಿಗೆ ಫೋನ್ ಹಚ್ಚಿದೆ. "ಯಾರೂ ಕಂಪ್ಲೇಂಟ್ ಮಾಡಿಲ್ರಿ," ಎಂದ.

"ಊದಿ ನೋಡೀರೇನು?"

"ಟ್ಯಾಪೆಟ್ ಕವರ್ ಯಾರರೆ ಊದ್ತಾರೇನ್ರಿ?"

ಅವನದೂ ಸುಳ್ಳಲ್ಲ. ನಾನೂ ಹಾಕುವ ಮೊದಲು ಊದಿರಲಿಲ್ಲ. ಕೊಯ್ದ ತುಂಡನ್ನು ಅಣ್ಣ ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದ. "ನಾ ಎಂಜಿನ್ ಇಳಸು ಅಂದಿದ್ನಲ್ಲೋ," ಎಂದ ಮೆಲ್ಲಗೆ. ಅಷ್ಟೇ. ಮರುದಿನ ತನ್ನ ಲಾರಿ ಕೆಲಸ ಬಿಟ್ಟು, ನಾನು ಹೇಳದೆಯೇ, ಹುಬ್ಬಳ್ಳಿಯ ಕಂಪನಿ ಡಿಪೋಕ್ಕೆ ಬಸ್ ಹತ್ತಿದ. ಅಲ್ಲಿನ ಕೌಂಟರಿನಲ್ಲಿ ಡಬ್ಬಿ ಬಿಚ್ಚಿಸಿ, ಎಲ್ಲರ ಮುಂದೆ ಕವರಿಗೆ ಬಾಯಿ ಹಚ್ಚಿ ಊದಿದನಂತೆ. "ಮಂದಿ ಎಲ್ಲ ನನ್ನ ಹುಚ್ಚನ ನೋಡಿದಂಗ ನೋಡಿದ್ರು. ಮೊದಲನೇದು ಬಿಗಿ ಇತ್ತು. ಆದ್ರೂ ಇನ್ನೊಂದ ಊದಿ ನೋಡಿ, ಮೊದಲನೇದನ್ನ ತಂದ್ನಿ," ಎಂದು ಬಂದು ಹೇಳಿದ.

ಈ ಸಲ ಯಾವುದನ್ನೂ ಬಿಡಲಿಲ್ಲ. ಕವರು ಹಾಕಿದೆವು. ಒತ್ತಡಕ್ಕೆ ಸಿಕ್ಕು ಸಡಿಲಾಗಿದ್ದ ಸೀಲನ್ನು ಗೇರ್‌ಬಾಕ್ಸ್ ಇಳಿಸಿ ಮೂರನೆಯ ಸಲ ಬದಲಿಸಿದೆವು. ಟರ್ಬೊದ ಗಾಳಿ ತಣಿಸುವ ಇಂಟರ್‌ಕೂಲರನ್ನು ಬಿಚ್ಚಿ ಬೋರಲು ಹಾಕಿದಾಗ ಅದರಿಂದ ಒಂದು ಚಹಾ ಲೋಟದ ತುಂಬ ಆಯಿಲ್ ಸುರಿಯಿತು. ಅದನ್ನು ಹಾಗೇ ಬಿಟ್ಟಿದ್ದರೆ ವಾಲ್ವ್ ಸರಿಯಾದ ಮೇಲೂ ಇನ್ನೊಂದು ವಾರ ಹೊಗೆ ಬಂದು ನನ್ನ ಮಾನ ಮತ್ತೆ ಹೋಗುತ್ತಿತ್ತು. ಪೆಟ್ರೋಲಿನಿಂದ ತೊಳೆದು ಒಣಗಿಸಿ ಕೂರಿಸಿದೆವು.

ಬಾದಾಮಿಯ ಏರಿನಲ್ಲಿ ಅಣ್ಣನೂ ಬಂದಿದ್ದ. ಹಿಂದಿನ ಸೀಟಿನಲ್ಲಿ ಕೂತು ಹಿಂದಿನ ಗಾಜಿನಿಂದ ಹೊಗೆ ಕಾಯುತ್ತಿದ್ದ. ಅಕ್ಕಾ ಕಾಲೊತ್ತಿದರು. ನೀರು ಚೂರು ಏರಿ, ಚೂರು ಇಳಿದು, ನಿಂತಿತು. ತುದಿಯಲ್ಲಿ ಗಾಡಿ ನಿಲ್ಲಿಸಿ, ತಿರುಗಿಸಿಕೊಂಡು ಕೆಳಗೆ ಹೋಗಿ ಮತ್ತೆ ಹತ್ತಿಸಿದರು. ಮತ್ತೊಮ್ಮೆ. ಹೇಳಿದರೂ ಕೇಳದೆ ಇನ್ನೊಮ್ಮೆ. ನೀರು ತನ್ನ ಜಾಗ ಬಿಡಲಿಲ್ಲ. "ಇಲ್ರಿ, ಏನೂ ಇಲ್ಲ ಹಿಂದ," ಎಂದು ಅಣ್ಣ ಪ್ರತಿ ಸಲ ಹೇಳುತ್ತಿದ್ದ.

ಅಲ್ಲಿಂದ ಸೀದಾ ಹೋಟೆಲಿಗೆ ಹೋದೆವು. ಗೇಟಿನ ಬಳಿ ಬೇರೆ ಗಾಡಿ ನಿಂತಿತ್ತು. ಅಕ್ಕಾ ಇಳಿಯಲಿಲ್ಲ. ನಾನು ಒಳಗೆ ಹೋಗಿ ಮ್ಯಾನೇಜರನ್ನು ಕಂಡೆ. ಆ ದಿನ ಗಾಡಿಯೊಳಗೆ ಬಂದ ವಾಸನೆ ನಮ್ಮ ಗ್ಯಾರೇಜಿನವರು ಪೈಪು ಬಿಟ್ಟದ್ದರಿಂದ ಬಂತು, ಅಕ್ಕಾರದ್ದೇನೂ ತಪ್ಪಿಲ್ಲ, ಬೇಕಾದರೆ ಕೂತು ಏರು ಹತ್ತಿ ನೋಡಿ ಎಂದೆ. ಅವರು ಮರ್ಯಾದೆಯಿಂದಲೇ ಕೇಳಿಸಿಕೊಂಡರು.

"ನೀವು ಹೇಳೂದು ಖರೆ ಇರಬೋದ್ರಿ. ಆದ್ರ ಆ ಪುಣೆದವ್ರು ಹೋಟೆಲ್ ಹೆಸರ ಮ್ಯಾಲೆ ಫೋನಿನ್ಯಾಗ ಎಲ್ಲಾ ಬರದು ಹಾಕ್ಯಾರ. ಅದನ್ನ ಓದಿ ಮಾಲಕರು ಬ್ಯಾರೆಯವರಿಗೆ ಮಾತು ಕೊಟ್ಟಾರ. ನನ್ನ ಕೈಯಾಗಿಲ್ಲ."

ಹೊರಗೆ ಬಂದಾಗ ಅಕ್ಕಾ ನನ್ನ ಮುಖ ನೋಡಿಯೇ ತಿಳಿದುಕೊಂಡರು. "ಕೇಳಾಕ ನೀವ್ಯಾಕ ಹೋದ್ರಿ? ನನಗ ಬಾಯಿ ಇದ್ದಿದ್ದಿಲ್ಲೇನು?" ಎಂದರು. ಸಿಟ್ಟೇನೂ ಇರಲಿಲ್ಲ, ದಣಿವಿತ್ತು. ನಮ್ಮಿಬ್ಬರನ್ನು ಬಸ್ ನಿಲ್ದಾಣದಲ್ಲಿ ಇಳಿಸಿದರು. ಡಿಕ್ಕಿಯ ಕಲ್ಲುಗಳನ್ನು ನಿಲ್ದಾಣದ ಹಿಂದಿನ ಗೋಡೆಗೆ ಒಟ್ಟಿ ಬಂದೆವು. ಕೆಲಸ ಕೊನೆಗೂ ಸರಿಯಾಗಿತ್ತು, ಮತ್ತು ನಮಗಿಬ್ಬರಿಗೂ ಅದರಿಂದ ಕಿಂಚಿತ್ತೂ ಸಂತೋಷವಾಗಿರಲಿಲ್ಲ.

ಅಕ್ಕಾ ಈಗ ಬಾಗಲಕೋಟೆಯ ಕಡೆಯಿಂದ ಕೂಡಲಸಂಗಮಕ್ಕೆ ಹೋಗುವ ಯಾತ್ರಿಕರನ್ನು, ಸೀರೆ ಕೊಳ್ಳಲು ಇಳಕಲ್ಲಿಗೆ ಬರುವವರನ್ನು ಕರೆದೊಯ್ಯುತ್ತಾರೆ. ಊರೂರು ಅಲೆಯುವ ಕೆಲಸ, ಗೇಟಿನ ನೆರಳಿನಲ್ಲಿ ಕಾಯುವ ಹಾಗಲ್ಲ. ನಮ್ಮ ಗ್ಯಾರೇಜಿನ ಮುಂದೆ ಹಾದು ಹೋಗುವಾಗ ಒಮ್ಮೊಮ್ಮೆ ಹಾರ್ನ್ ಹೊಡೆಯುತ್ತಾರೆ. ನಿಲ್ಲುವುದಿಲ್ಲ.

ಮಳೆಗಾಲ ಕಳೆದ ಮೇಲೆ ಅದೇ ಮಾದರಿಯ ಇನ್ನೊಂದು ಕಾರು ಗ್ಯಾರೇಜಿಗೆ ಬಂತು. ಬಣ್ಣ ಬೇರೆ, ವಾಸನೆ ಅದೇ. ಓಡಿಸಿಕೊಂಡು ಬಂದವನು ಮೂವತ್ತರ ಆಸುಪಾಸಿನ ಗಂಡಸು. ಬಾದಾಮಿಯ ಹೋಟೆಲಿನ ಹೆಸರು ಹೇಳಿ, "ಅಲ್ಲಿ ಗೇಟಿನ್ಯಾಗ ಹಚ್ಚತೇನ್ರಿ," ಎಂದ. ಅಣ್ಣ ಕೈಯೊರೆಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತ.

"ಇಲ್ಲಿಗೆ ಯಾರು ಕಳಿಸಿದ್ರು?" ಎಂದು ಕೇಳಿದೆ.

"ನನಗಿಂತ ಮೊದಲ ಅಲ್ಲಿ ಇದ್ರಲ್ರಿ, ಆ ಅಕ್ಕಾರ. ನಿನ್ನೆ ಕೆರೂರಿನ್ಯಾಗ ನನ್ನ ಗಾಡಿ ಹಿಂದ ಹೊಗಿ ನೋಡಿ, ತಮ್ಮ ಗಾಡಿ ಅಡ್ಡ ಹಾಕಿ ನಿಲ್ಲಿಸಿದ್ರು. ಬೈದ್ರು. ಆಮ್ಯಾಲೆ ಇಳಕಲ್ಲಿಗೆ ಹೋಗು ಅಂತ ನಿಮ್ಮ ನಂಬರ್ ಕೊಟ್ರು."

"ನಿನ್ನ ಕೂಡ ಮಾತಾಡ್ತಾರೇನು?"

"ಇಲ್ರಿ. ನಿನ್ನೆನ ಮೊದಲನೇ ಸಲ. ಅದಕ್ಕ ನಾನೂ ಕೇಳಿದ್ನಿರಿ, ನಿಮ್ಮ ಜಾಗಾ ನಾ ಕಸಗೊಂಡೇನಿ, ನನಗ್ಯಾಕ ಹೇಳಾಕತ್ತೀರಿ ಅಂತ." ಅವನು ತಲೆ ಕೆಳಗೆ ಹಾಕಿದ. "'ನಿನ್ನ ಸಲುವಾಗಿ ಹೇಳಾಕತ್ತಿಲ್ಲಲೇ, ಹಿಂದ ಕುಂತ ಮಂದಿ ಸಲುವಾಗಿ ಹೇಳಾಕತ್ತೇನಿ' ಅಂದ್ರು."

ನಾನು ಅವನ ಕೈಯಿಂದ ಚಾವಿ ತೆಗೆದುಕೊಂಡೆ.